ಕಾಲು ಕಟ್ಟಿಕೊಂಡು ಓಡಿಸಿದ ಕಾರು

ಕೈಯಲ್ಲೇ ಓಡಿಸುವ ಹಾಗೆ ಕಾರು ಮಾಡಿಕೊಡುವ ಕೆಲಸವನ್ನು ಇನ್ನು ಹಿಡಿಯುವುದಿಲ್ಲ ಎಂದು ಮನೆಯಲ್ಲಿ ಹೇಳಿಯಾಗಿತ್ತು. ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿ, ಬಾಗಿಲ ಹೊಸ್ತಿಲ ಮೇಲೆ ಸೊಂಟ ಇಟ್ಟು, ಕಾಲು ಹೊರಗೆ ಚಾಚಿ ಅಂಗಾತ ಮಲಗಿ ಮಾಡಬೇಕಾದ ಕೆಲಸ ಅದು. ನನ್ನ ಬೆನ್ನಿನ ಡಿಸ್ಕ್ ಜಾರಿದೆ ಎಂದು ಶಿವಮೊಗ್ಗದ ಡಾಕ್ಟರು ಚಿತ್ರ ತೋರಿಸಿ ಹೇಳಿದ ಮೇಲೆ, ಶಿಕಾರಿಪುರದ ನನ್ನ ಶೆಡ್ಡಿನಲ್ಲಿ ಆಯಿಲ್ ಬದಲಾಯಿಸುವುದು, ಬ್ರೇಕ್ ಪ್ಯಾಡ್ ಹಾಕುವುದು, ಇಷ್ಟರಲ್ಲೇ ದಿನ ತೆಗೆಯೋಣ ಎಂದುಕೊಂಡಿದ್ದೆ. ಹೊಸಬಾಳೆಯ ಮೇಡಂ ಬಂದದ್ದು ಆ ದಿನಗಳಲ್ಲೇ.

ಅವರು ಬಸ್ಸಿಳಿದು ಎರಡು ಊರುಗೋಲಿನ ಮೇಲೆ ನಡೆದುಕೊಂಡು ಬಂದರು. ಚಿಕ್ಕಂದಿನಲ್ಲಿ ಪೋಲಿಯೊ ಆಗಿ ಎರಡೂ ಕಾಲಿನಲ್ಲಿ ಬಲವಿಲ್ಲ. ಸೊರಬದಲ್ಲಿ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತೆಯಾಗಿದ್ದವರಿಗೆ ಬಡ್ತಿ ಸಿಕ್ಕಿ ಶಿಕಾರಿಪುರಕ್ಕೆ ಹಾಕಿದ್ದರು. ಸೊರಬಕ್ಕಾದರೆ ಎರಡು ಪಕ್ಕಕ್ಕೂ ಚಕ್ರ ಜೋಡಿಸಿದ ಸ್ಕೂಟರ್ ಸಾಕಾಗಿತ್ತು. ಈಗ ಹೊಸಬಾಳೆಯಿಂದ ಇಲ್ಲಿಗೆ, ಶಿರಾಳಕೊಪ್ಪದಲ್ಲಿ ಬಸ್ ಬದಲಿಸಿ, ದಿನಾ ಹೋಗಿಬರಬೇಕು. ಬಸ್ಸಿನ ಮೆಟ್ಟಿಲನ್ನು ಕೈಯ ಬಲದಲ್ಲೇ ಹತ್ತಿ ಹತ್ತಿ ಎರಡೂ ಹೆಗಲಿನ ಕೀಲು ಸವೆಯತೊಡಗಿತ್ತು. ಹೀಗೇ ಹೋದರೆ ಊರುಗೋಲು ಹಿಡಿಯುವುದಕ್ಕೂ ಹೆಗಲು ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರಂತೆ. ಕಾರು ಓಡಿಸಬೇಕು, ಇಲ್ಲದಿದ್ದರೆ ಬಡ್ತಿ ಬೇಡವೆಂದು ಬರೆದುಕೊಟ್ಟು ಸೊರಬಕ್ಕೆ ವಾಪಸು ಹೋಗಬೇಕು. ಇದನ್ನೆಲ್ಲ ಅವರು ದುಃಖವಿಲ್ಲದೆ, ಕಚೇರಿಯಲ್ಲಿ ಯಾರಿಗೋ ಕಡತದ ಸ್ಥಿತಿ ಹೇಳುವವರ ಹಾಗೆ ಹೇಳಿದರು.

ನನಗೆ ಬೆನ್ನು ನೋವು, ಶಿವಮೊಗ್ಗದಲ್ಲಿ ಬೇರೆಯವರಿದ್ದಾರೆ ಎಂದೆ. ಅಲ್ಲಿಗೂ ಹೋಗಿ ಬಂದಿದ್ದರು. ಆ ಮನುಷ್ಯ ಅಂಗಡಿ ಮುಚ್ಚಿ ಮಗಳ ಊರು ಸೇರಿದ್ದ.

“ನಂಗೂ ಸುಸ್ತಾಗೈತೆ ಮೇಸ್ತ್ರಿ. ಇನ್ನೊಂದು ಊರಿಗೆ ಹೋಗಿ ಕೇಳೋ ಶಕ್ತಿ ಇಲ್ಲ” ಎಂದರು.

ಕಾರು ತರಿಸಿ, ನೋಡೋಣ ಎಂದೆ.

ಕಾರು ಮರುವಾರ ಬಂತು. ಅವರ ಅಣ್ಣ ಒಬ್ಬ ಡ್ರೈವರನ್ನು ಗೊತ್ತುಮಾಡಿ ತರಿಸಿದ್ದ. ಅಣ್ಣ ಕುರಿ ಸಾಕುವ ಮನುಷ್ಯ, ತಂಗಿಗಿಂತ ಹತ್ತು ವರ್ಷ ದೊಡ್ಡವನು. ಎತ್ತರದ ಗಾಡಿ ತಗೋ, ನಮ್ಮ ಓಣಿಯ ಕಲ್ಲು ತಾಗುವುದಿಲ್ಲ ಎಂದು ಅವನು ಹೇಳಿದ್ದನಂತೆ. ಇವರು ಕೇಳದೆ ಸೆಕೆಂಡ್‌ಹ್ಯಾಂಡಿನ ಈ ಚಿಕ್ಕ ಪೆಟ್ರೋಲ್ ಸೆಡಾನ್ ಆರಿಸಿದ್ದರು. ಆರಿಸಿದ್ದಕ್ಕೆ ಕಾರಣವಿತ್ತು. ಮನೆಯಲ್ಲಿ ಅವರು ಬಳಸುವ ಗಾಲಿಕುರ್ಚಿಯ ಎತ್ತರ, ಈ ಕಾರಿನ ಸೀಟಿನ ಎತ್ತರ ಹೆಚ್ಚುಕಡಿಮೆ ಒಂದೇ. ಕುರ್ಚಿಯಿಂದ ಸೀಟಿಗೆ ಜಾರಿ ಕೂರಬಹುದು, ಮೈಯನ್ನು ಮೇಲೆತ್ತಬೇಕಾಗಿಲ್ಲ. ಹಿಂದಿನ ಡಿಕ್ಕಿಯಲ್ಲಿ ಮಡಚಿದ ಕುರ್ಚಿಯೂ ಊರುಗೋಲೂ ಆರಾಮಾಗಿ ಹಿಡಿಯುತ್ತವೆ. ಇಷ್ಟು ಯೋಚಿಸಿ ಗಾಡಿ ತಗೊಂಡವರು ಕಡಿಮೆ.

ಗಾಡಿಯನ್ನು ನಾನೊಂದು ಸುತ್ತು ಓಡಿಸಿ ನೋಡಿದೆ. ಒಂದು ಪಾಯಿಂಟ್ ಎರಡು ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್, ಎಂಬತ್ತಕ್ಕಿಂತ ಸ್ವಲ್ಪ ಹೆಚ್ಚು ಕುದುರೆಶಕ್ತಿ. ಉದ್ದ ನಾಲ್ಕು ಮೀಟರಿನೊಳಗೆ, ತೂಕ ಒಂದು ಟನ್ನಿಗಿಂತ ಕಡಿಮೆ. ನಿಂತಲ್ಲಿ ಎಂಜಿನ್ ಓಡುತ್ತಿದೆಯೋ ಇಲ್ಲವೋ ಎಂದು ಕೈಯಿಟ್ಟು ನೋಡಬೇಕು, ಅಷ್ಟು ಮೆತ್ತಗೆ. ಹಗುರ ಮೈಯಾದ್ದರಿಂದ ತಿರುವಿನಲ್ಲಿ ಸ್ಟೇರಿಂಗ್ ಹೇಳಿದ ಹಾಗೆ ಕೇಳುತ್ತದೆ. ಆದರೆ ಕೆಳಗಿನ ವೇಗದಲ್ಲಿ ಎಂಜಿನ್ ಮಂದ. ಆರ್‌ಪಿಎಂ ಮೀಟರಿನ ಮುಳ್ಳು ಎರಡೂವರೆ ಸಾವಿರ ದಾಟಿದ ಮೇಲೇ ಎಳೆತ ಬರುವುದು. ಕ್ಲಚ್ ಪೆಡಲ್ ಇಲ್ಲ, ಕ್ಲಚ್ ಒತ್ತುವ, ಗೇರ್ ಬದಲಿಸುವ ಕೆಲಸವನ್ನು ಒಂದು ಮೋಟಾರೇ ಮಾಡುತ್ತದೆ. ಮಾಡುವಾಗ ಅರೆಕ್ಷಣ ತಡೆದು, ಮುಂದಕ್ಕೊಮ್ಮೆ ತೂಗಿ, ಆಮೇಲೆ ಹೊರಡುತ್ತದೆ. ಸಮತಟ್ಟು ರಸ್ತೆಯಲ್ಲಿ ಬ್ರೇಕ್ ಬಿಟ್ಟರೆ ತಾನಾಗಿ ತೆವಳುತ್ತದೆ. ಏರಿನಲ್ಲಿ ಬ್ರೇಕ್ ಬಿಟ್ಟರೆ ಹಿಂದಕ್ಕೆ ಜಾರುತ್ತದೆ. ಏರಿನಲ್ಲಿ ಹಿಡಿದು ನಿಲ್ಲಿಸುವ ವ್ಯವಸ್ಥೆ ಈ ಮಾಡೆಲಿಗೆ ಇರಲಿಲ್ಲ. ಕಾಲಿರುವವರು ಬ್ರೇಕಿನಿಂದ ಆಕ್ಸಿಲರೇಟರಿಗೆ ಪಟಕ್ಕನೆ ಪಾದ ಬದಲಿಸಿ ಸಂಭಾಳಿಸಿಕೊಳ್ಳುತ್ತಾರೆ. ಹಾಗಾಗಿ ನಾನೂ ಅದನ್ನು ದೊಡ್ಡದು ಮಾಡಲಿಲ್ಲ.

ನನಗೆ ರೂಢಿಯಿದ್ದ ಕಿಟ್ಟನ್ನೇ ತರಿಸಿದೆ. ಸ್ಟೇರಿಂಗಿನ ಎಡಗಡೆ ಒಂದು ಲಿವರ್. ಮುಂದಕ್ಕೆ ದೂಡಿದರೆ ಬ್ರೇಕ್, ತನ್ನ ಕಡೆಗೆ ಎಳೆದರೆ ಆಕ್ಸಿಲರೇಟರ್. ಬಲಗೈಗೆ ಸ್ಟೇರಿಂಗಿನ ಮೇಲೊಂದು ಗುಂಡನೆಯ ಹಿಡಿ, ಒಂದೇ ಕೈಯಲ್ಲಿ ಪೂರ್ತಿ ತಿರುಗಿಸಲು. ಬಲವಿಲ್ಲದ ಪಾದ ಜಾರಿ ಪೆಡಲಿನ ಕೆಳಗೆ ಸಿಕ್ಕಿಕೊಳ್ಳದಂತೆ ಅಡ್ಡಕ್ಕೊಂದು ತಗಡು. ಕೂರಿಸುವುದಕ್ಕೆ ಎರಡು ದಿನ ಎಂದುಕೊಂಡದ್ದು ವಾರ ಹಿಡಿಯಿತು. ಒಂದು ಬೋಲ್ಟ್ ಬಿಗಿಸಿ ಹೊರಗೆ ಬಂದು, ಗೋಡೆಗೆ ಬೆನ್ನು ಕೊಟ್ಟು ನಿಂತು, ಮತ್ತೆ ಒಳಗೆ ತೂರುವುದು. ಮಧ್ಯಾಹ್ನದ ಊಟಕ್ಕೆ ಕೂತರೆ ಏಳಲು ಗೋಡೆ ಹಿಡಿಯಬೇಕಾಗುತ್ತಿತ್ತು.

ಕಲಿಕೆಯ ಲೈಸೆನ್ಸ್ ಬಂದ ಮೇಲೆ ಕಚೇರಿ ಬಿಟ್ಟ ಸಂಜೆಗಳಲ್ಲಿ ಎಪಿಎಂಸಿ ಯಾರ್ಡಿನಲ್ಲಿ ಕಲಿಸತೊಡಗಿದೆ. ಮೇಡಂ ಬೇಗ ಹಿಡಿದರು. ಸ್ಕೂಟರ್ ಓಡಿಸಿದ ಕೈ, ರಸ್ತೆಯ ಅಂದಾಜಿತ್ತು. ಗೇರ್ ಬದಲಾಗುವ ಆ ತಡೆಯನ್ನು ಮೊದಲೇ ಗ್ರಹಿಸಿ, ಲಿವರನ್ನು ಕೊಂಚ ಸಡಿಲ ಬಿಟ್ಟು ಮತ್ತೆ ಎಳೆಯುವುದನ್ನು ನಾನು ಹೇಳಿಕೊಡದೆಯೇ ಕಂಡುಕೊಂಡರು. ಹಾಗೆ ಮಾಡಿದಾಗ ಗಾಡಿ ತೂಗುತ್ತಿರಲಿಲ್ಲ. ಪಾಠ ಮುಗಿದ ಮೇಲೆ ಮಾತ್ರ ಎಡಗೈಯನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂರುತ್ತಿದ್ದರು. ದಿನದ ಕಚೇರಿ ಕೆಲಸದ ದಣಿವು ಎಂದು ನಾನು ತಿಳಿದೆ. ಕೇಳಲಿಲ್ಲ.

ಯಾರ್ಡಿನಿಂದ ರಸ್ತೆಗೆ ಇಳಿದದ್ದು ಒಂದು ಭಾನುವಾರ. ಈಸೂರಿನ ಕಡೆ ಹೊರಟೆವು. ಅಣ್ಣ ತನ್ನ ಬೈಕಿನಲ್ಲಿ ಹಿಂದೆಯೇ ಬರುತ್ತಿದ್ದ. ಬೇಡ ಎಂದರೂ ಕೇಳಿರಲಿಲ್ಲ. ದಾರಿಯಲ್ಲಿ ಕಾಲುವೆಯ ಮೇಲೊಂದು ಸೇತುವೆ ಇದೆ, ಅದಕ್ಕೆ ಹತ್ತುವ ಏರು ಗಿಡ್ಡ, ಆದರೆ ಕಡಿದು. ನಾವು ಏರಿನ ಅರ್ಧದಲ್ಲಿದ್ದಾಗ ಆ ಕಡೆಯಿಂದ ಭತ್ತದ ಹುಲ್ಲು ಹೇರಿದ ಟ್ರ್ಯಾಕ್ಟರ್ ಸೇತುವೆಗೆ ಬಂತು. ಮೇಡಂ ಲಿವರ್ ದೂಡಿ ಚೆನ್ನಾಗಿಯೇ ನಿಲ್ಲಿಸಿದರು. ಟ್ರ್ಯಾಕ್ಟರ್ ದಾಟಿತು. ಹೊರಡಲೆಂದು ಲಿವರನ್ನು ತಮ್ಮ ಕಡೆ ಎಳೆದರು. ದೂಡಿದ ಜಾಗದಿಂದ ಎಳೆಯುವ ಜಾಗಕ್ಕೆ ಕೈ ಬರುವ ನಡುವೆ ಬ್ರೇಕೂ ಇರಲಿಲ್ಲ, ಆಕ್ಸಿಲರೇಟರೂ ಇರಲಿಲ್ಲ. ಗಾಡಿ ಹಿಂದಕ್ಕೆ ಜಾರಿತು. ನಾನು ಹ್ಯಾಂಡ್‌ಬ್ರೇಕ್ ಎಳೆಯುವಷ್ಟರಲ್ಲಿ ಹಿಂದೆ ತಗಡು ಮುದುಡಿದ ಸದ್ದು ಕೇಳಿತು.

ಇಳಿದು ನೋಡಿದರೆ ಬೈಕ್ ಅಡ್ಡ ಬಿದ್ದಿತ್ತು, ಅಣ್ಣನ ಪಾದ ಅದರ ಕೆಳಗಿತ್ತು. ಎತ್ತಿದೆ. ಅವನು ಕೂಗಲಿಲ್ಲ, ರಸ್ತೆಬದಿಯ ಕಲ್ಲಿನ ಮೇಲೆ ಕೂತು ಪಾದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಕಾರಿನ ಬಂಪರ್ ಒಡೆದು ಒಂದು ಲೈಟ್ ಪುಡಿಯಾಗಿತ್ತು. ಊರುಗೋಲು ಡಿಕ್ಕಿಯಲ್ಲಿತ್ತು, ಮೇಡಂಗೆ ತಾವಾಗಿ ಇಳಿಯಲಾಗದು. ಸೀಟಿನಲ್ಲೇ ಕೂತು, ಏನಾಯ್ತು, ಏನಾಯ್ತು ಎಂದು ಮೆಲ್ಲಗೆ ಕೇಳುತ್ತಲೇ ಇದ್ದರು. ಪಕ್ಕದ ಕನ್ನಡಿಯಲ್ಲಿ ಅವರಿಗೆ ಅಣ್ಣ ಕಾಣುತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ಪಾದದ ಮೂಳೆ ಬಿರುಕು ಬಿಟ್ಟಿದೆ ಎಂದು ಪಟ್ಟಿ ಹಾಕಿದರು. ಅಲ್ಲಿನ ಬೆಂಚಿನ ಮೇಲೆ ಅಣ್ಣ ತಂಗಿಗೆ ಹೇಳಿದ್ದು ನಾನಿದ್ದಾಗಲೇ.

“ನನ್ ಕಾಲಿಂದು ಬಿಡು, ಕೂಡ್ಕಳ್ತದೆ. ಕುರಿ ಕಾಯೂಕೆ ನನ್ ಭಾವಮೈದ ಇದಾನೆ. ನೀ ಒಬ್ಳೇ ಹೋಗುವಾಗ ಹಿಂದೆ ಯಾವ್ದಾರೂ ಶಾಲೆ ಮಕ್ಳು ಇದ್ರೆ ಎಂತ ಮಾಡ್ತೀಯೆ ತಂಗಿ?”

ಮೇಡಂ ನನ್ನ ಕಡೆ ತಿರುಗಿ, ಬಂಪರ್ ಸರಿಮಾಡಿಸಿ ಯಾರಾದರೂ ಕೇಳಿದರೆ ಕಾರು ಕೊಟ್ಟುಬಿಡಿ ಎಂದರು. ಬಡ್ತಿ ಬೇಡವೆಂಬ ಅರ್ಜಿಯನ್ನು ಆ ವಾರವೇ ಕೊಡುವುದಾಗಿಯೂ ಹೇಳಿದರು. ಆಗಲಿ ಎಂದೆ. ನಿಜ ಹೇಳಬೇಕೆಂದರೆ ನನಗೆ ಹಗುರವೇ ಆಯಿತು. ಸಂಜೆಯ ಪಾಠವಿಲ್ಲ, ಡ್ಯಾಶ್‌ಬೋರ್ಡಿನ ಕೆಳಗೆ ಮಲಗುವುದಿಲ್ಲ. ಅವರ ಕೈ ತಡವಾಯಿತು, ಅಷ್ಟೇ ಎಂದು ಮನೆಯಲ್ಲಿ ಹೇಳಿದೆ. ಊಟ ಬಡಿಸುತ್ತಿದ್ದ ಮನೆಯವಳು, ದಿನಾ ಓಡಿಸೋರ ಕೈ ಯಾವತ್ತೂ ತಡ ಆಗಲ್ವಾ ಎಂದಳು. ಅವಳದು ಸುಮ್ಮನೆ ಕೇಳಿದ ಪ್ರಶ್ನೆ. ನಾನು ಮಾತ್ರ ಅರ್ಧ ಊಟಕ್ಕೇ ಕೈ ತೊಳೆದೆ.

ಹೊಸ ಬಂಪರ್ ಹಾಕಿದ ಮೇಲೆ ಗಾಡಿಯನ್ನೊಮ್ಮೆ ಓಡಿಸಿ ನೋಡಬೇಕಿತ್ತು. ಬೆಳಿಗ್ಗೆ ಸೀಟಿನಲ್ಲಿ ಕೂತವನು ಅಭ್ಯಾಸದಂತೆ ಪೆಡಲಿನ ಮೇಲೆ ಕಾಲಿಟ್ಟೆ. ಅಡ್ಡ ತಗಡು ಪಾದಕ್ಕೆ ತಾಗಿತು. ಆ ತಗಡನ್ನು ತೆಗೆದು, ಕಾಲಲ್ಲಿ ಓಡಿಸಿ, ಮತ್ತೆ ಕೂರಿಸುವುದು ನಾನು ಯಾವಾಗಲೂ ಮಾಡುತ್ತಿದ್ದ ಕ್ರಮ. ಲಿವರನ್ನು ನಾನು ಪರೀಕ್ಷಿಸುತ್ತಿದ್ದದ್ದು ಶೆಡ್ಡಿನ ಮುಂದಿನ ಅಂಗಳದಲ್ಲಿ ಮಾತ್ರ, ಅದೂ ತಪ್ಪಿದರೆ ಇರಲಿ ಎಂದು ಕಾಲು ಸಿದ್ಧವಾಗಿಟ್ಟುಕೊಂಡು. ಇಷ್ಟು ಗಾಡಿ ಮಾಡಿಕೊಟ್ಟಿದ್ದೇನೆ, ಒಂದನ್ನಾದರೂ ಕಾಲಿಲ್ಲದವನ ಹಾಗೆ ರಸ್ತೆಯಲ್ಲಿ ಓಡಿಸಿರಲಿಲ್ಲ. ಇಳಿದು ಮನೆಯೊಳಗೆ ಹೋಗಿ ಎರಡು ಟವೆಲ್ ತಂದೆ. ಒಂದರಲ್ಲಿ ಎರಡೂ ಮೊಣಕಾಲು ಸೇರಿಸಿ ಕಟ್ಟಿದೆ, ಇನ್ನೊಂದರಲ್ಲಿ ಪಾದಗಳನ್ನು ಸೀಟಿನ ಕಂಬಿಗೆ ಬಿಗಿದೆ. ಮನೆಯವಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು, ಹ್ಯಾಂಡ್‌ಬ್ರೇಕ್ ತೋರಿಸಿ, ನಾನು ಹೇಳಿದ ತಕ್ಷಣ ಇದನ್ನು ಎಳೆಯಬೇಕು ಎಂದೆ.

“ಏನ್ರೀ, ಬೆನ್ನಿಂದಾಯ್ತು, ಈಗ ತಲೆಗೂ ಏರೈತೇನ್ರಿ?” ಎಂದಳು. ಆದರೆ ಇಳಿದು ಹೋಗಲಿಲ್ಲ.

ಮೊದಲು ಯಾರ್ಡಿನಲ್ಲಿ ಸುತ್ತು ಹಾಕಿ ಕೈ ಕುದುರಿದ ಮೇಲೆ ಶಿರಾಳಕೊಪ್ಪದ ರಸ್ತೆ ಹಿಡಿದೆ. ಊರು ದಾಟುವವರೆಗೆ ಎಲ್ಲ ಸರಿಯಿತ್ತು. ಮೊದಲ ರೋಡ್ ಹಂಪಿನಲ್ಲಿ ಗೊತ್ತಾಯಿತು. ಮುಂದಿನ ಚಕ್ರ ಹಾರಿ ಇಳಿಯುವಾಗ ನನ್ನ ಮೈ ಹಿಂದಕ್ಕೆ ಸರಿಯಿತು. ಕಾಲೂರಿ ತಡೆದುಕೊಳ್ಳುವ ಹಾಗಿಲ್ಲ. ಮೈಯ ಜೊತೆ ಕೈಯೂ ಹಿಂದಕ್ಕೆ ಬಂತು, ಲಿವರ್ ಎಳೆಯಿತು, ಗಾಡಿ ನನಗೆ ಬೇಡವಾದ ಹೊತ್ತಿನಲ್ಲಿ ಮುಂದಕ್ಕೆ ನುಗ್ಗಿತು. ಬೆಚ್ಚಿ ದೂಡಿದೆ, ಬ್ರೇಕ್ ಜೋರಾಗಿ ಬಿದ್ದು ಮುಗ್ಗರಿಸಿದೆವು. ಮುಂದಿನ ಹಂಪಿನಲ್ಲೂ ಹಾಗೇ. ಬಳ್ಳಿಗಾವಿಯ ಕಡೆ ತಿರುಗುವಲ್ಲಿ ರಸ್ತೆ ಕಿತ್ತುಹೋಗಿತ್ತು, ಅಲ್ಲಂತೂ ಗಾಡಿ ಇನ್ನೂ ಪಳಗದ ಕರುವಿನ ಹಾಗೆ ಕುಣಿಯಿತು. ಶಿರಾಳಕೊಪ್ಪದ ಮೊದಲ ಮನೆಗಳು ಕಾಣುವ ಹೊತ್ತಿಗೆ ನನ್ನ ಎಡ ಹೆಗಲು ಉರಿಯುತ್ತಿತ್ತು. ಅರವತ್ತರ ವೇಗದಲ್ಲಿ ಹೋಗಬೇಕಾದರೆ ಲಿವರನ್ನು ಎಳೆದು ಹಿಡಿದೇ ಇರಬೇಕು. ಒಂದು ಸಣ್ಣ ಸ್ಪ್ರಿಂಗಿನ ಭಾರ ಅಷ್ಟೇ, ಆದರೆ ಬಿಡುವೇ ಇಲ್ಲದ ಭಾರ.

ರಸ್ತೆಬದಿ ನಿಲ್ಲಿಸಿದೆ. ಮನೆಯವಳು ನನ್ನನ್ನೇ ನೋಡುತ್ತಿದ್ದಳು.

“ಆ ಮೇಡಮ್ಮೋರು ದಿನಾ ಹಿಂಗೇ ಎಳೀಬೇಕೇನ್ರೀ? ಹೆಗಲು ಹೋಗೈತೆ ಅಂತಲ್ವಾ ಅವ್ರು ನಿಮ್ಮತ್ರ ಬಂದಿದ್ದು.”

ಎಡಗೈಯನ್ನು ಮಡಿಲಲ್ಲಿಟ್ಟುಕೊಂಡು ಅವರು ಕೂರುತ್ತಿದ್ದುದರ ಅರ್ಥ ನನಗೆ ಆಗ ಆಯಿತು. ವಾಪಸು ಬರುವಾಗ ಈಸೂರಿನ ಕಾಲುವೆ ಏರಿಗೂ ಹೋದೆ. ಅರ್ಧದಲ್ಲಿ ನಿಲ್ಲಿಸಿ, ಹಿಂದೆ ಯಾರೂ ಇಲ್ಲವೆಂದು ನೋಡಿಕೊಂಡು ಹೊರಟೆ. ಎಷ್ಟು ಚುರುಕಾಗಿ ಎಳೆದರೂ ಗಾಡಿ ಜಾರಿತು. ಮನೆಯವಳು ಹೇಳುವ ಮೊದಲೇ ಹ್ಯಾಂಡ್‌ಬ್ರೇಕ್ ಎಳೆದಳು. ಮೂರು ಸಲ ನೋಡಿದೆ, ಮೂರೂ ಸಲ ಅದೇ. ಎರಡೂ ಕೈಗೆ ಕೆಲಸವಿರುವಾಗ ಹ್ಯಾಂಡ್‌ಬ್ರೇಕ್ ಎಳೆಯಲು ಮೂರನೆಯ ಕೈಯಿಲ್ಲ. ತಡವಾಗುತ್ತಿದ್ದದ್ದು ಕೈಯಲ್ಲ.

ಶೆಡ್ಡಿಗೆ ಬಂದವನೇ ನಾನು ಕೂರಿಸಿದ್ದನ್ನೆಲ್ಲ ಬಿಚ್ಚಿದೆ. ಬೇರೊಂದು ಬಗೆಯ ಕಿಟ್ ಇರುವುದು ನನಗೆ ಗೊತ್ತಿತ್ತು. ಅದರಲ್ಲಿ ಬ್ರೇಕಿಗೆ ಮುಂದಕ್ಕೆ ದೂಡುವುದು, ಆಕ್ಸಿಲರೇಟರಿಗೆ ತೊಡೆಯ ಕಡೆ ಕೆಳಕ್ಕೆ ಒತ್ತುವುದು. ಕೈಯ ಭಾರವೇ ಲಿವರನ್ನು ಒತ್ತಿ ಹಿಡಿಯುತ್ತದೆ, ಹೆಗಲಿಗೆ ಕೆಲಸವಿಲ್ಲ. ಮೈ ಹಿಂದೆ ಮುಂದೆ ತೂಗಿದರೂ ಆಕ್ಸಿಲರೇಟರ್ ಅಲ್ಲಾಡುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ದೂಡಿ ಹಿಡಿದುಕೊಂಡೇ ಕೆಳಕ್ಕೂ ಒತ್ತಬಹುದು. ಬ್ರೇಕ್ ಇರುವಾಗಲೇ ಎಂಜಿನ್ನಿಗೆ ಬಲ ಕೊಡಬಹುದು. ಕೂರಿಸುವ ಕಷ್ಟಕ್ಕೆ ಹೆದರಿ ನಾನು ಅದರ ಗೋಜಿಗೆ ಹೋಗಿರಲಿಲ್ಲ.

ಹೆದರಿದ ಹಾಗೇ ಆಯಿತು. ಈ ಕಾರಿನಲ್ಲಿ ಸ್ಟೇರಿಂಗಿನ ಕೆಳಗೆ ಜಾಗ ಕಡಿಮೆ. ಸ್ಟೇರಿಂಗನ್ನು ಪೂರ್ತಿ ಮೇಲಕ್ಕೆತ್ತಿ ನಿಲ್ಲಿಸಿದರೂ, ಲಿವರ್ ಪೂರ್ತಿ ಕೆಳಗಿಳಿಯುವ ಮೊದಲೇ ತೊಡೆಗೆ ತಾಗುತ್ತಿತ್ತು. ಹಾಗೆ ತಾಗಿದರೆ ಆಕ್ಸಿಲರೇಟರ್ ಅರ್ಧವೂ ತೆರೆಯದು. ಮಂದ ಎಂಜಿನ್ನು, ಏರಿನಲ್ಲಿ ಹತ್ತುವುದೇ ಇಲ್ಲ. ಸೀಟ್ ತಗ್ಗಿಸೋಣವೆಂದರೆ ಗಾಲಿಕುರ್ಚಿಯ ಸಮಕ್ಕೆ ಇರುವ ಎತ್ತರ ಕೆಡುತ್ತದೆ, ಅದಕ್ಕೇ ತಾನೆ ಅವರು ಈ ಗಾಡಿ ತಗೊಂಡದ್ದು. ಎರಡು ದಿನ ಒದ್ದಾಡಿ, ಕೊನೆಗೆ ಲಿವರಿನ ಕೀಲನ್ನೇ ಹೊರಗಡೆ ಸರಿಸುವ ಒಂದು ಬ್ರಾಕೆಟ್ಟಿನ ಚಿತ್ರ ಬರೆದು ಕಿಟ್ ಮಾಡುವವರಿಗೆ ಕಳಿಸಿದೆ. ಅವರು ಫೋನಿನಲ್ಲಿ ಏನೇನೋ ಕೇಳಿ, ದಪ್ಪ ಹೆಚ್ಚಿಸಲು ಹೇಳಿ, ತಾವೇ ಮಾಡಿ ಕಳಿಸಿದರು. ಅದು ಬಂದಾಗ ನನ್ನ ಬೆನ್ನು ಪೂರ್ತಿ ಹಿಡಿದುಕೊಂಡಿತ್ತು. ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು, ದಿನಕ್ಕೆ ಒಂದೊಂದು ಬೋಲ್ಟಿನ ಹಾಗೆ ಕೂರಿಸಿದೆ. ಮತ್ತೆ ಟವೆಲ್ ಕಟ್ಟಿಕೊಂಡು ಶಿರಾಳಕೊಪ್ಪದವರೆಗೆ ಹೋಗಿ ಬಂದೆ. ಈ ಸಲ ಮನೆಯವಳು ದಾರಿಯಲ್ಲಿ ಸೊಪ್ಪು ಕೊಂಡಳು.

ಮೇಡಂಗೆ ಫೋನ್ ಮಾಡಿದಾಗ ಮೊದಲು ಅರ್ಜಿಯ ವಿಷಯ ಕೇಳಿದೆ. ಬರೆದಿದ್ದರು, ಕೊಟ್ಟಿರಲಿಲ್ಲ. ಕಾರು ಮಾರಿಲ್ಲ, ಒಂದು ಸಲ ಬನ್ನಿ, ಅಣ್ಣನನ್ನೂ ಕರೆದುಕೊಂಡು ಬನ್ನಿ ಎಂದೆ. “ಅವ್ನು ಬರಲ್ಲ ಮೇಸ್ತ್ರಿ” ಎಂದರು. ಅಣ್ಣನಿಗೆ ನಾನೇ ಫೋನ್ ಮಾಡಿ, ತಪ್ಪು ತಂಗಿಯ ಕೈಯದಲ್ಲ, ನಾನು ಆರಿಸಿದ ಲಿವರಿನದು ಎಂದು ಹೇಳಿದೆ. ಅವನು ಬಂದ.

ಪಟ್ಟಿ ಹಾಕಿದ ಪಾದ ಚಾಚಿಕೊಂಡು ಅವನು ಹಿಂದಿನ ಸೀಟಿನಲ್ಲಿ ಅಡ್ಡ ಕೂತ. ಈ ಸಲ ಹಿಂದೆ ಯಾರೂ ಬರಕೂಡದೆಂದು ಒಬ್ಬ ಪರಿಚಯದವನನ್ನು ಏರಿನ ಬುಡದಲ್ಲಿ ನಿಲ್ಲಿಸಿದ್ದೆ. ಮೇಡಂ ಯಾರ್ಡಿನಲ್ಲಿ ಮೂರು ಸಂಜೆ ಹೊಸ ಲಿವರ್ ರೂಢಿ ಮಾಡಿಕೊಂಡಿದ್ದರು, ಆದರೂ ಕಾಲುವೆ ಕಾಣುತ್ತಲೇ ವೇಗ ತಗ್ಗಿಸಿದರು. ಅರ್ಧ ಏರಿನಲ್ಲಿ ನಿಲ್ಲಿಸಿದರು. ಲಿವರ್ ಮುಂದಕ್ಕೆ ದೂಡಿ ಹಿಡಿದೇ ಇತ್ತು. ಅಂಗೈಯನ್ನು ಹಾಗೇ ನಿಧಾನ ಕೆಳಕ್ಕೆ ಒತ್ತಿದರು. ಎಂಜಿನ್ ಸದ್ದು ಏರಿತು, ಗಾಡಿಯ ಮೂತಿ ತುಸು ಎದ್ದಿತು. ಆಗ ದೂಡಿದ್ದನ್ನು ಸಡಿಲ ಬಿಟ್ಟರು. ಒಂದು ಗೇಣೂ ಹಿಂದೆ ಹೋಗದೆ ಗಾಡಿ ಸೇತುವೆ ಹತ್ತಿತು.

ಆ ಕಡೆ ಇಳಿದು ನಿಲ್ಲಿಸಿದ ಮೇಲೆ ಹಿಂದಿನ ಸೀಟಿನಿಂದ ಅಣ್ಣ ಕೆಮ್ಮಿ, “ಇನ್ನೊಂದ್ಸಲ ಮಾಡು” ಎಂದ.

ತಿರುಗಿಸಿಕೊಂಡು ಬಂದು ಇನ್ನೊಂದು ಸಲ ಮಾಡಿದರು. ಇನ್ನೊಂದು ಸಲ ಎಂದ. ಅದೂ ಆಯಿತು. ಎಷ್ಟು ಸಲವೆಂದು ನಾನು ಎಣಿಸಲಿಲ್ಲ. ಹೊಲದಲ್ಲಿದ್ದವರು ಕೆಲಸ ಬಿಟ್ಟು ಬದುವಿನ ಮೇಲೆ ನಿಂತು ನೋಡತೊಡಗಿದ್ದರು. ಕೊನೆಗೆ ಅವನು ಸೀಟಿಗೆ ತಲೆಯಾನಿಸಿ, “ಸಾಕು, ಮನೆಗೆ ಹೋಗುವ” ಎಂದ. ಮೇಡಂ ಕನ್ನಡಿಯಲ್ಲಿ ಅವನನ್ನೊಮ್ಮೆ ನೋಡಿದರು. ಕಣ್ಣೊರೆಸಿಕೊಳ್ಳಲು ಎರಡೂ ಕೈ ಬಿಡುವಾಗಿರಲಿಲ್ಲ.

ಆಮೇಲಿನದು ಕಾಗದದ ಓಡಾಟ. ಗಾಡಿಯ ಬದಲಾವಣೆಯನ್ನು ಆರ್‌ಸಿಯಲ್ಲಿ ಬರೆಸುವುದು, ಕಿಟ್ಟಿನ ಪತ್ರ ತೋರಿಸುವುದು, ಲೈಸೆನ್ಸಿನ ಪರೀಕ್ಷೆ. ಪರೀಕ್ಷೆಯ ದಿನ ಅಣ್ಣನೂ ಜೊತೆಗೆ ಬಂದ, ಬೆಳಿಗ್ಗೆಯಿಂದ ಆರ್‌ಟಿಒ ಕಚೇರಿಯ ಮುಂದಿನ ಮರದಡಿ ಕಾದೆವು. ಬ್ರೇಕ್ ಇನ್‌ಸ್ಪೆಕ್ಟರು ಬಂದು, ಲಿವರನ್ನು ತಾವೇ ಒಂದೆರಡು ಸಲ ಒತ್ತಿ ದೂಡಿ ನೋಡಿ, ಪಕ್ಕದಲ್ಲಿ ಕೂತರು. ಏರಿನ ಮೇಲೆ ನಿಲ್ಲಿಸಿ ಹೊರಡಲು ಹೇಳಿದರು, ಹಿಂದಕ್ಕೆ ಎಂಟರ ಆಕಾರದಲ್ಲಿ ತಿರುಗಿಸಲು ಹೇಳಿದರು. ಇಳಿಯುವಾಗ, ಗೇರ್ ಬದಲಾಗುವಾಗ ಈ ಗಾಡಿ ತೂಗುತ್ತದಲ್ಲ, ನಿಮ್ಮ ಕೈಯಲ್ಲಿ ಗೊತ್ತೇ ಆಗಲಿಲ್ಲ ಎಂದಷ್ಟೇ ಹೇಳಿದರು. ಪಾಸಾಯಿತು.

ಹೊರಟಾಗ ಮಧ್ಯಾಹ್ನ ದಾಟಿತ್ತು. ಬೆಳಿಗ್ಗೆಯಿಂದ ಬೆಂಚಿನ ಮೇಲೆ ಕೂತು ನನ್ನ ಬೆನ್ನು ಮರಗಟ್ಟಿ ಹೋಗಿತ್ತು, ನೆಟ್ಟಗೆ ಕೂರಲಾಗಲಿಲ್ಲ. ಮೊದಲು ಹೊಸಬಾಳೆಗೆ ಹೋಗಿ ಅಣ್ಣನನ್ನು ಇಳಿಸಿದ ಮೇಲೆ ಮೇಡಂ ನನ್ನ ಸೀಟನ್ನು ಹಿಂದಕ್ಕೆ ಒರಗಿಸಿಕೊಳ್ಳಲು ಹೇಳಿದರು. ಶಿಕಾರಿಪುರಕ್ಕೆ ಬಸ್ಸಿನಲ್ಲಿ ಹೋಗುತ್ತೇನೆಂದರೆ ಕೇಳಲಿಲ್ಲ. ಸೊರಬ ದಾಟಿದ್ದು ನೆನಪಿದೆ. ಲಿವರಿನ ಮೇಲೆ ಅವರ ಎಡಗೈ ಸುಮ್ಮನೆ ಒರಗಿತ್ತು, ಎಂಜಿನ್ ಒಂದೇ ಸಮ ಗುನುಗುತ್ತಿತ್ತು. ಮುಂದೊಂದು ಲಾರಿ ಇತ್ತು, ಈಗ ಓವರ್‌ಟೇಕ್ ಮಾಡಬೇಡಿ ಎಂದು ಹೇಳಬೇಕೆಂದುಕೊಂಡೆ.

ಎಚ್ಚರವಾದಾಗ ಗಾಡಿ ನಿಂತಿತ್ತು. ಎಂಜಿನ್ ಆಫ್ ಆಗಿತ್ತು. ಎದುರಿಗೆ ನನ್ನದೇ ಶೆಡ್ಡಿನ ಬಾಗಿಲು. ಚಾಲಕರ ಕಿಟಕಿಯ ಹೊರಗೆ ಮನೆಯವಳು ಲೋಟ ಹಿಡಿದು ನಿಂತಿದ್ದಳು, ಇಬ್ಬರೂ ಏನೋ ಪಿಸುಮಾತಿನಲ್ಲಿದ್ದರು. ಮೇಡಂ ಅರ್ಧ ಚಹಾ ಕುಡಿದಿದ್ದರು.

“ಯಾವಾಗ ಬಂದ್ವಿ?” ಎಂದೆ.

“ಬಾಳ ಹೊತ್ತಾಯ್ತು. ಎಬ್ಬಿಸಬ್ಯಾಡ್ರಿ ಅಂದ್ರು ಇವ್ರು” ಎಂದಳು ಮನೆಯವಳು.

ಬಳ್ಳಿಗಾವಿ ತಿರುವಿನ ಕಿತ್ತ ರಸ್ತೆ, ಊರ ಬಾಗಿಲಿನ ಹಂಪುಗಳು, ಎಲ್ಲವನ್ನೂ ದಾಟಿ ಬಂದಿದ್ದೆವು. ನನಗೆ ಒಂದೂ ಗೊತ್ತಾಗಿರಲಿಲ್ಲ. ಇಳಿಯಲು ಮನೆಯವಳು ಕೈ ಕೊಟ್ಟಳು. ಮೇಡಂ ಲೋಟ ವಾಪಸು ಕೊಟ್ಟು, ಕತ್ತಲಾಗುವ ಮೊದಲು ಊರು ಸೇರುತ್ತೇನೆಂದು ಗಾಡಿ ತಿರುಗಿಸಿಕೊಂಡರು. ಅವರು ಒಬ್ಬರೇ ಹೋಗುತ್ತಿದ್ದದ್ದು ಅದೇ ಮೊದಲು. ಮನೆಯವಳು ಬೈಕಿನ ಕೀ ತರಲೇ, ಶಿರಾಳಕೊಪ್ಪದವರೆಗಾದರೂ ಹಿಂದೆ ಹೋಗಿ ಬರುತ್ತೀರಾ ಎಂದು ಕೇಳಿದಳು.

ಬೇಡ ಎಂದು ಒಳಗೆ ಹೋಗಿ ಚಾಪೆ ಬಿಚ್ಚಿದೆ.